ತೌಡು ಕಳೆದ ಅಕ್ಕಿ

ಫಲವಿಲ್ಲದ ಕೆಲಸಕ್ಕೆ ನಮ್ಮವರು ತೌಡು ಕುಟ್ಟುವುದು ಎಂದು ಹೆಸರಿಟ್ಟಿದ್ದಾರೆ. ಭತ್ತವನ್ನು ಕುಟ್ಟಿದರೆ ಅಕ್ಕಿ ಬರುತ್ತದೆ. ಅಕ್ಕಿಯನ್ನು ಮತ್ತೆ ಕುಟ್ಟಿದರೆ ತೌಡು ಬರುತ್ತದೆ. ತೌಡನ್ನು ಕುಟ್ಟಿದರೆ ಬರುವುದು ತೋಳಿನ ನೋವೊಂದೇ ಎಂಬುದು ಈ ಮಾತಿನ ಹಿಂದಿರುವ ಅನುಭವ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತನೆಯ ಶತಮಾನದ ಆರಂಭಕ್ಕೂ ನಡುವೆ, ಜಾವಾ, ಮಲಯ, ಜಪಾನು, ಫಿಲಿಪೈನ್ಸ್ ಮೊದಲಾದ ಕಡೆಗಳಲ್ಲಿ ಕೆಲವರು ವೈದ್ಯರೂ ರಸಾಯನಶಾಸ್ತ್ರಜ್ಞರೂ ಈ ತೌಡನ್ನೇ ಹಿಡಿದು ಕುಳಿತರು. ಅದನ್ನು ನೆನೆಸಿದರು, ಸೋಸಿದರು, ಕೋಳಿಗಳಿಗೆ ತಿನ್ನಿಸಿದರು, ರೋಗಿಗಳಿಗೆ ಕುಡಿಸಿದರು. ಅವರಿಗೆ ಅದರೊಳಗೆ ದೊರೆತ ವಸ್ತುವಿನಿಂದ ಮನುಷ್ಯನ ಆಹಾರವನ್ನು ಕುರಿತ ಶಾಸ್ತ್ರವೇ ಹೊಸದಾಯಿತು. ಈ ಹೊತ್ತು ಕೇಳುಗರ ಮುಂದೆ ನಾನು ಇಡಬೇಕೆಂದಿರುವುದು ಆ ಚರಿತ್ರೆಯನ್ನು. ಅದರ ಕೊನೆಯಲ್ಲಿ, ತೌಡು ಕಳೆಯದ ಅಕ್ಕಿಯನ್ನು ಅನ್ನ ಮಾಡುವ ಬಗೆಯನ್ನೂ ಎರಡು ಮಾತಿನಲ್ಲಿ ಹೇಳುತ್ತೇನೆ.

ಭತ್ತದ ಕಾಳಿನ ರಚನೆಯನ್ನು ಮೊದಲು ನೆನಪಿಗೆ ತಂದುಕೊಳ್ಳುವುದು ಒಳ್ಳೆಯದು. ಎಲ್ಲಕ್ಕೂ ಹೊರಗಿರುವುದು ಒರಟಾದ ಹೊಟ್ಟು. ಅದು ಮನುಷ್ಯನಿಗೆ ಆಹಾರವಲ್ಲ. ಅದನ್ನು ಸುಲಿದರೆ ಕಂದು ಬಣ್ಣದ, ಅಥವಾ ಕೆಲವು ತಳಿಗಳಲ್ಲಿ ಕೆಂಪಾದ, ತೆಳುವಾದ ಪೊರೆಯನ್ನು ಹೊದ್ದ ಅಕ್ಕಿ ಕಾಣುತ್ತದೆ. ಈ ಪೊರೆಯೂ, ಕಾಳಿನ ಒಂದು ತುದಿಯಲ್ಲಿ ಅಡಗಿರುವ ಮೊಳಕೆಯೂ ಉದುರಿ ಪುಡಿಯಾದದ್ದೇ ತೌಡು. ಅವೆರಡೂ ಹೋದಮೇಲೆ ಉಳಿಯುವ ಬೆಳ್ಳನೆಯ ತಿರುಳಿನಲ್ಲಿ ಮುಖ್ಯವಾಗಿ ಇರುವುದು ಪಿಷ್ಟ. ಮೊಳಕೆಯೊಡೆಯಬೇಕಾದ ಸಸಿಗೆ ಪ್ರಕೃತಿಯು ಕಟ್ಟಿಟ್ಟ ಬುತ್ತಿಯಲ್ಲಿ ಎಣ್ಣೆಯ ಅಂಶ, ನಾರು, ಲವಣಗಳು, ಜೀವಸತ್ತ್ವಗಳು ಇವುಗಳ ಬಹುಪಾಲು ಹೊರಪೊರೆಯಲ್ಲಿಯೂ ಮೊಳಕೆಯಲ್ಲಿಯೂ ಇರುತ್ತವೆ. ಕೆಂಪಕ್ಕಿ ಎಂಬ ಹೆಸರಿನಿಂದ ಮೋಸಹೋಗಬಾರದು. ಗುಣವಿರುವುದು ಕೆಂಪು ಬಣ್ಣದಲ್ಲಿ ಅಷ್ಟಾಗಿ ಅಲ್ಲ, ಪೊರೆ ಉಳಿದಿರುವುದರಲ್ಲಿ. ಕೆಂಪು ತಳಿಯ ಅಕ್ಕಿಯನ್ನೂ ಚೆನ್ನಾಗಿ ಉಜ್ಜಿದರೆ ಬೆಳ್ಳಗಾಗುತ್ತದೆ, ಬಡವಾಗುತ್ತದೆ.

ಒನಕೆಯ ಕಾಲದಲ್ಲಿ ಇಂತಹ ಬಡತನ ಸುಲಭವಾಗಿ ಬರುವಂತಿರಲಿಲ್ಲ. ಹೆಂಗಸರು ಒರಳಿನ ಮುಂದೆ ನಿಂತು, ಕುಟ್ಟುವ ಪದಗಳನ್ನು ಹಾಡಿಕೊಂಡು, ಅಂದಂದಿಗೆ ಬೇಕಾದ ಭತ್ತವನ್ನು ಕುಟ್ಟುತ್ತಿದ್ದರು. ಎಷ್ಟು ಕುಟ್ಟಿದರೂ ಪೊರೆಯ ಸ್ವಲ್ಪ ಭಾಗ ಕಾಳಿಗೆ ಅಂಟಿಕೊಂಡೇ ಇರುತ್ತಿದ್ದಿತು. ತೀರ ಬಿಳಿಯ ಅಕ್ಕಿ ಬೇಕೆಂದರೆ ಮತ್ತಷ್ಟು ಜನ, ಮತ್ತಷ್ಟು ಹೊತ್ತು ದುಡಿಯಬೇಕು. ಆದುದರಿಂದಲೇ ಬಿಳಿಯ ಅನ್ನವು ಸಿರಿವಂತಿಕೆಯ ಗುರುತಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದಮೇಲೆ ಪೂರ್ವದ ಅಕ್ಕಿಗೆ ದೂರದ ಪೇಟೆಗಳು ಹತ್ತಿರವಾದುವು. ರಂಗೂನಿನಂತಹ ರೇವುಗಳಲ್ಲಿ ಉಗಿಯಂತ್ರದ ಗಿರಣಿಗಳು ಬೆಳೆದುವು. ತೌಡಿನಲ್ಲಿ ಎಣ್ಣೆಯಿರುವುದರಿಂದ ಪೊರೆಯಿರುವ ಅಕ್ಕಿ ಬೇಗ ಕಮಟು ಹಿಡಿಯುತ್ತದೆ. ಉಜ್ಜಿ ಬೆಳ್ಳಗೆ ಮಾಡಿದ ಅಕ್ಕಿಯಾದರೆ ತಿಂಗಳುಗಟ್ಟಲೆ ಹಡಗಿನಲ್ಲಿದ್ದರೂ ಕೆಡುವುದಿಲ್ಲ. ವ್ಯಾಪಾರಕ್ಕೆ ಅನುಕೂಲ, ನೋಡಲು ಅಂದ, ಬೇಯಲು ಬೇಗ, ತಿನ್ನಲು ಮೃದು. ಬಿಳಿಯ ಅಕ್ಕಿ ಗೆದ್ದುದರಲ್ಲಿ ಆಶ್ಚರ್ಯವಿಲ್ಲ. ರಾಜರಿಗೂ ಶ್ರೀಮಂತರಿಗೂ ಮಾತ್ರ ಎಟುಕುತ್ತಿದ್ದ ಅನ್ನವು ಸಿಪಾಯಿಗೂ ಕೈದಿಗೂ ಕೂಲಿಯಾಳಿಗೂ ಎಟುಕಿತು. ಸಿಪಾಯಿ, ಕೈದಿ, ಕೂಲಿಯಾಳು ಇವರೇ ಸಾಯತೊಡಗಿದರು.

ಆ ರೋಗಕ್ಕೆ ಬೆರಿಬೆರಿ ಎಂದು ಹೆಸರು. ‘ಆಗದು, ಆಗದು’ ಎಂಬ ಅರ್ಥದ ಸಿಂಹಳದ ಮಾತಿನಿಂದ ಈ ಹೆಸರು ಬಂದಿದೆಯೆಂದು ಹೇಳುವವರುಂಟು. ಕಾಲು ಜೋಮುಹಿಡಿದು, ಹೆಜ್ಜೆ ತಪ್ಪಿ, ಕ್ರಮೇಣ ನಡೆಯಲಾರದೆ ಮನುಷ್ಯ ಕೂರುತ್ತಾನೆ. ಇನ್ನೊಂದು ಬಗೆಯಲ್ಲಿ ಮೈ ನೀರೂರಿ ಬಾತು, ಹೃದಯ ಸೋತು, ಕೆಲವು ದಿವಸಗಳಲ್ಲಿಯೇ ಪ್ರಾಣ ಹೋಗುತ್ತದೆ. ಬಟಾವಿಯದಲ್ಲಿದ್ದ ಡಚ್ಚರ ವೈದ್ಯ ಬೋಂಟಿಯುಸ್ ಹದಿನೇಳನೆಯ ಶತಮಾನದಲ್ಲಿಯೇ ಇದನ್ನು ವರ್ಣಿಸಿದ್ದನು. ಹಳೆಯ ರೋಗವೇ ಸರಿ. ಆದರೆ ಗಿರಣಿಗಳ ಕಾಲದಲ್ಲಿ ಅದು ಹಬ್ಬಿದ ಪರಿ ಹೊಸದು.

ಜಪಾನಿನವರು ಇದನ್ನು ಕಕ್ಕೆ ಎಂದು ಕರೆಯುತ್ತಿದ್ದರು. ಅಲ್ಲಿ ಗಿರಣಿಗಳು ಬರುವುದಕ್ಕೆ ಮುಂಚೆಯೇ ರಾಜಧಾನಿಯಾದ ಎಡೊ ನಗರದಲ್ಲಿ ಬಿಳಿಯ ಅನ್ನದ ರೂಢಿ ಬಲವಾಗಿದ್ದಿತು. ಹಳ್ಳಿಯ ಕಡೆಯಿಂದ ರಾಜಸೇವೆಗೆಂದು ನಗರಕ್ಕೆ ಬಂದವರು ಕಾಲಿನ ಬಲ ಕಳೆದುಕೊಳ್ಳುತ್ತಿದ್ದರು. ಊರಿಗೆ ಮರಳಿದರೆ ಗುಣವಾಗುತ್ತಿದ್ದಿತು. ಆದುದರಿಂದ ಅದಕ್ಕೆ ‘ಎಡೊ ಬೇನೆ’ ಎಂದೇ ಹೆಸರಾಯಿತು. ದೇಶವನ್ನಾಳುತ್ತಿದ್ದ ಶೋಗುನ್ ಟೋಕುಗಾವಾ ಇಯೆಮೋಚಿಯು 1866ರಲ್ಲಿ ಇಪ್ಪತ್ತರ ಹರೆಯದಲ್ಲಿ ತೀರಿಕೊಂಡುದು ಈ ರೋಗದಿಂದಲೇ ಎಂದು ಚರಿತ್ರಕಾರರು ಹೇಳುತ್ತಾರೆ. ನಗರದ ಗಾಳಿಯಲ್ಲಿ ದೋಷವಿದೆಯೆಂದು ಜನ ನಂಬಿದ್ದರು. ಗಾಳಿ ಬದಲಾದಾಗ ಅನ್ನವೂ ಬದಲಾಗುತ್ತಿದ್ದಿತೆಂಬುದು ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಈ ಕಥೆಯ ಮೊದಲ ವೀರನು ಜಪಾನಿನ ನೌಕಾಸೈನ್ಯದ ವೈದ್ಯ ತಕಾಕಿ ಕಾನೆಹಿರೊ. 1875ರಿಂದ 1880ರವರೆಗೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ವ್ಯಾಸಂಗ. ಅಲ್ಲಿ ಬೆರಿಬೆರಿಯ ರೋಗಿಗಳೇ ಇಲ್ಲದಿದ್ದುದು ಅವರ ಮನಸ್ಸಿಗೆ ನಾಟಿತು. ಸ್ವದೇಶಕ್ಕೆ ಹಿಂದಿರುಗಿ ನೋಡಿದರೆ ತಮ್ಮ ನಾವಿಕರಲ್ಲಿ ಮೂವರಿಗೆ ಒಬ್ಬರಂತೆ ಪ್ರತಿ ವರ್ಷವೂ ಈ ರೋಗಕ್ಕೆ ಸಿಕ್ಕುತ್ತಿದ್ದರು. ತಕಾಕಿಯವರು ಸೂಕ್ಷ್ಮದರ್ಶಕದ ಹತ್ತಿರ ಹೋಗಲಿಲ್ಲ. ಉಗ್ರಾಣದ ಲೆಕ್ಕದ ಪುಸ್ತಕಗಳ ಹತ್ತಿರ ಹೋದರು. ಯಾವ ಹಡಗಿನಲ್ಲಿ ಯಾರು ಏನು ಉಂಡರು ಎಂದು ನೋಡಿದರು. ಕೆಳದರ್ಜೆಯ ನಾವಿಕರಿಗೆ ರೋಗ ಹೆಚ್ಚು. ಬಗೆಬಗೆಯ ಊಟವಿದ್ದ ಅಧಿಕಾರಿಗಳಿಗೆ ಕಡಿಮೆ. ಅಷ್ಟುಹೊತ್ತಿಗೆ, 1882ರ ಕೊನೆಯಲ್ಲಿ ಹೊರಟು ನ್ಯೂಜಿಲೆಂಡ್, ದಕ್ಷಿಣ ಅಮೆರಿಕ, ಹೊನೊಲುಲು ಈ ಮಾರ್ಗವಾಗಿ ಯಾತ್ರೆ ಮಾಡಿದ ರ್ಯೂಜೊ ಎಂಬ ನೌಕೆ ಹಿಂದಿರುಗಿತು. ಅದರಲ್ಲಿದ್ದ 376 ಮಂದಿಯಲ್ಲಿ 169 ಮಂದಿಗೆ ಬೆರಿಬೆರಿ ತಗುಲಿ 25 ಮಂದಿ ಸತ್ತಿದ್ದರು. ತಕಾಕಿಯವರು ಸರ್ಕಾರವನ್ನು ಕಾಡಿ ಬೇಡಿ, 1884ರಲ್ಲಿ ತ್ಸುಕುಬಾ ಎಂಬ ಮತ್ತೊಂದು ನೌಕೆಯನ್ನು ಅದೇ ದಾರಿಯಲ್ಲಿ ಕಳುಹಿಸಿದರು. ಊಟವನ್ನು ಮಾತ್ರ ಬದಲಾಯಿಸಿದರು. ಅನ್ನವನ್ನು ತಗ್ಗಿಸಿ ಮಾಂಸ, ಹಾಲು, ರೊಟ್ಟಿ, ತರಕಾರಿಗಳನ್ನು ಕೊಟ್ಟರು. ಈ ಸಲ ಕಾಯಿಲೆಯಾದವರು ಸುಮಾರು 15 ಮಂದಿ. ಸತ್ತವರು ಯಾರೂ ಇಲ್ಲ. ಮುಂದಿನ ವರ್ಷದಿಂದ ನಾವಿಕರ ಅನ್ನಕ್ಕೆ ಬಾರ್ಲಿಯನ್ನು ಬೆರೆಸುವ ಕ್ರಮವಾಯಿತು. ಮೂರು ನಾಲ್ಕು ವರ್ಷಗಳಲ್ಲಿ ನೌಕಾಸೈನ್ಯದಿಂದ ಬೆರಿಬೆರಿ ಹೆಚ್ಚುಕಡಿಮೆ ಮಾಯವಾಯಿತು.

ತಕಾಕಿಯವರು ಕೊಟ್ಟ ಕಾರಣ ಮಾತ್ರ ಸರಿಯಾಗಿರಲಿಲ್ಲ. ಊಟದಲ್ಲಿ ಸಾರಜನಕದ ಅಂಶ ಸಾಲದೆ ಈ ರೋಗ ಬರುತ್ತದೆಂದು ಅವರು ನಂಬಿದ್ದರು. ಈ ತಪ್ಪನ್ನೇ ಭೂಸೈನ್ಯದ ವೈದ್ಯರು ಹಿಡಿದುಕೊಂಡರು. ಅವರಲ್ಲಿ ಪ್ರಮುಖರು ಮೋರಿ ಓಗಾಯ್, ಜಪಾನಿನ ಆಧುನಿಕ ಸಾಹಿತ್ಯದ ಶ್ರೇಷ್ಠ ಕಾದಂಬರಿಕಾರರಲ್ಲಿ ಒಬ್ಬರು. ಜರ್ಮನಿಯಲ್ಲಿ ಕಲಿತು ಬಂದಿದ್ದ ಅವರಿಗೆ, ರೋಗವೆಂದರೆ ಅದಕ್ಕೊಂದು ಕ್ರಿಮಿ ಇರಲೇಬೇಕು. ಬಾರ್ಲಿ ಬೆರೆಸಿದರೆ ಗುಣವಾಗುತ್ತದೆ ಎಂಬುದು ಹಳ್ಳಿಯ ಅಜ್ಜಿಯ ಮಾತಿನಂತೆ ಅವರ ಕಿವಿಗೆ ಕೇಳಿಸಿರಬೇಕು. ಸೈನ್ಯಕ್ಕೆ ಸೇರುವ ಬಡ ರೈತನ ಮಗನಿಗೆ ಹೊಟ್ಟೆತುಂಬ ಬಿಳಿಯ ಅನ್ನ ಸಿಕ್ಕುತ್ತದೆಂಬುದೂ ಒಂದು ದೊಡ್ಡ ಆಕರ್ಷಣೆಯಾಗಿದ್ದಿತು. ಅದನ್ನು ಕಿತ್ತುಕೊಳ್ಳಲು ಅಧಿಕಾರಿಗಳಿಗೆ ಮನಸ್ಸಿರಲಿಲ್ಲ. 1904–05ರ ರಷ್ಯ–ಜಪಾನ್ ಯುದ್ಧದಲ್ಲಿ ಇದರ ಬೆಲೆ ತೆರಬೇಕಾಯಿತು. ಆ ಯುದ್ಧದಲ್ಲಿ ಜಪಾನಿನ ಭೂಸೈನ್ಯದ ಸುಮಾರು 27,000 ಜನ ಶತ್ರುವಿನ ಗುಂಡಿನಿಂದಲ್ಲ, ಬೆರಿಬೆರಿಯಿಂದ ಸತ್ತರು. ಅದೇ ದೇಶದ, ಅದೇ ಯುದ್ಧದ ನೌಕಾಸೈನ್ಯದಲ್ಲಿ ಈ ರೋಗ ಕಾಣಿಸಿಕೊಂಡುದು ಎಲ್ಲೋ ಕೆಲವರಲ್ಲಿ. ಯುದ್ಧ ಮುಗಿದು, 1908ರಲ್ಲಿ ರೋಗದ ಕಾರಣವನ್ನು ಶೋಧಿಸಲು ಸಮಿತಿಯೊಂದನ್ನು ನೇಮಿಸಿದಾಗ ಅದರ ಅಧ್ಯಕ್ಷತೆಗೆ ಕುಳಿತವರೂ ಮೋರಿ ಅವರೇ! ವಿದ್ಯೆಯ ಅಭಾವದಿಂದ ಆದ ಅನಾಹುತಗಳ ಲೆಕ್ಕವನ್ನು ಎಲ್ಲರೂ ಇಡುತ್ತಾರೆ. ವಿದ್ಯೆಯ ಅಭಿಮಾನದಿಂದ ಆದವುಗಳಿಗೂ ಒಂದು ಲೆಕ್ಕವಿರಬೇಕು.

ಈಗ ಜಾವಾ ದ್ವೀಪಕ್ಕೆ ಬರೋಣ. ಡಚ್ಚರ ಸೈನ್ಯ ಸುಮಾತ್ರದ ಆಚೆ ಪ್ರಾಂತದಲ್ಲಿ ಯುದ್ಧದಲ್ಲಿ ತೊಡಗಿದ್ದಾಗ ಬೆರಿಬೆರಿಯು ಅದನ್ನು ಹಿಂಡುತ್ತಿದ್ದಿತು. 1886ರಲ್ಲಿ ಪೆಕೆಲ್‌ಹಾರಿಂಗ್, ವಿಂಕ್ಲರ್ ಎಂಬ ಇಬ್ಬರು ವಿದ್ವಾಂಸರನ್ನು ಡಚ್ ಸರ್ಕಾರ ಕಳುಹಿಸಿತು. ಅವರೂ ಕ್ರಿಮಿಯನ್ನೇ ಹುಡುಕಿದರು. ಸಿಕ್ಕಿತೆಂದೇ ಭಾವಿಸಿ ಹಿಂದಿರುಗಿದರು. ಬಟಾವಿಯದ ಸೈನಿಕ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಕೆಲಸ ಮುಂದುವರಿಸಲು ಉಳಿದವರು ಕ್ರಿಸ್ಟಿಯಾನ್ ಐಕ್‌ಮನ್. ಪ್ರಯೋಗಕ್ಕೆಂದು ಅವರು ಕೋಳಿಗಳನ್ನು ಸಾಕಿದ್ದರು. 1889ರಲ್ಲಿ ಆ ಕೋಳಿಗಳಿಗೆ ವಿಚಿತ್ರವಾದ ರೋಗ ಬಂದಿತು. ಕಾಲು ತೊಡರಿ, ರೆಕ್ಕೆ ಜೋತು, ಕತ್ತು ಹಿಂದಕ್ಕೆ ಬಾಗಿ, ಕೋಳಿಗಳು ಬಿದ್ದು ಸಾಯುತ್ತಿದ್ದುವು. ಕ್ರಿಮಿ ಚುಚ್ಚಿದ ಕೋಳಿಗೂ ರೋಗ ಬಂದಿತು, ಚುಚ್ಚದ ಕೋಳಿಗೂ ಬಂದಿತು. ಹೀಗಿರಲು ನವೆಂಬರ್ ತಿಂಗಳ ಕೊನೆಯಲ್ಲಿ, ಯಾವ ಚಿಕಿತ್ಸೆಯೂ ಇಲ್ಲದೆ, ಉಳಿದ ಕೋಳಿಗಳು ತಾವಾಗಿಯೇ ಚೇತರಿಸಿಕೊಂಡುವು.

ವಿಚಾರಿಸಿದಾಗ ಹೊರಟ ಸಂಗತಿ ಇಷ್ಟು. ಕೋಳಿಗಳನ್ನು ನೋಡಿಕೊಳ್ಳುತ್ತಿದ್ದವನು ಖರ್ಚು ಉಳಿಸಲೆಂದು ಜೂನ್ ತಿಂಗಳಿಂದ ಆಸ್ಪತ್ರೆಯ ಅಡಿಗೆಮನೆಯಲ್ಲಿ ಮಿಕ್ಕ ಬಿಳಿಯ ಅನ್ನವನ್ನು ತಂದು ಹಾಕುತ್ತಿದ್ದನು. ನವೆಂಬರಿನಲ್ಲಿ ಅಡಿಗೆಯವನು ಬದಲಾದನು. ಹೊಸಬನು ಕಟ್ಟುನಿಟ್ಟಿನ ಮನುಷ್ಯ. ಸೈನಿಕರ ಪಾಲಿನ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡುವುದು ನಿಯಮಕ್ಕೆ ವಿರುದ್ಧವೆಂದು ನಿರಾಕರಿಸಿದನು. ಕೋಳಿಗಳು ಮತ್ತೆ ತೌಡಿರುವ ಅಗ್ಗದ ಅಕ್ಕಿಗೆ ಹಿಂದಿರುಗಿದುವು, ಬದುಕಿದುವು. ಹೆಸರು ತಿಳಿಯದ ಆ ಅಡಿಗೆಯವನ ಜಿಪುಣತನಕ್ಕೆ ಮಾನವಕೋಟಿ ಎಷ್ಟು ಋಣಿಯೆಂದು ಹೇಳಲಾಗದು. ಬಿಳಿಯ ಅಕ್ಕಿ ಹಾಕಿದರೆ ರೋಗ, ತೌಡನ್ನು ಸೇರಿಸಿದರೆ ಗುಣ. ಐಕ್‌ಮನ್ನರು ಇದನ್ನು ಮತ್ತೆ ಮತ್ತೆ ಮಾಡಿ ತೋರಿಸಿದರು. ಆದರೂ ಅವರ ಬುದ್ಧಿ ಹಳೆಯ ಜಾಡನ್ನು ಬಿಡಲಿಲ್ಲ. ಪಿಷ್ಟದಲ್ಲಿ ಒಂದು ವಿಷವಿದೆ, ತೌಡಿನಲ್ಲಿ ಅದರ ಮದ್ದಿದೆ ಎಂದು ಅವರು ವಿವರಿಸಿದರು.

ಕೋಳಿಯ ಮಾತು ಮನುಷ್ಯನಿಗೂ ಸಲ್ಲುತ್ತದೆಯೇ? ಇದಕ್ಕೆ ಉತ್ತರ ಕೊಟ್ಟವರು ಜಾವಾದ ವೈದ್ಯ ಇಲಾಖೆಯಲ್ಲಿ ತನಿಖಾಧಿಕಾರಿಯಾಗಿದ್ದ ಫೋರ್ಡರ್‌ಮನ್. ಜಾವಾದ ಸೆರೆಮನೆಗಳಲ್ಲಿ ಕೊಡುತ್ತಿದ್ದ ಅಕ್ಕಿ ಒಂದೊಂದು ಪ್ರಾಂತದಲ್ಲಿ ಒಂದೊಂದು ಬಗೆಯದಾಗಿದ್ದಿತು. 1896ರಲ್ಲಿ ಅವರು 101 ಸೆರೆಮನೆಗಳ ಲೆಕ್ಕ ತೆಗೆದರು. ಸುಮಾರು 2,80,000 ಕೈದಿಗಳು ಆ ಲೆಕ್ಕಕ್ಕೆ ಸೇರಿದರು. ತೌಡಿರುವ ಅಕ್ಕಿಯನ್ನು ಕೊಡುತ್ತಿದ್ದ 37 ಸೆರೆಮನೆಗಳಲ್ಲಿ ಬೆರಿಬೆರಿ ಇದ್ದುದು ಒಂದರಲ್ಲಿ. ಬಿಳಿಯ ಅಕ್ಕಿಯ 51ರಲ್ಲಿ ಇದ್ದುದು 36ರಲ್ಲಿ. ಕಟ್ಟಡ ಹಳೆಯದೇ ಹೊಸದೇ, ಗಾಳಿ ಬರುತ್ತದೆಯೇ ಇಲ್ಲವೇ, ಜನ ಕಿಕ್ಕಿರಿದಿದ್ದಾರೆಯೇ ಎಂಬುದನ್ನೂ ಅವರು ನೋಡಿದ್ದರು. ಅದರಿಂದ ಹೇಳಬಹುದಾದ ವ್ಯತ್ಯಾಸ ಕಾಣಲಿಲ್ಲ.

ಆ ವೇಳೆಗೆ ಐಕ್‌ಮನ್ನರು ಅನಾರೋಗ್ಯದಿಂದ ಸ್ವದೇಶಕ್ಕೆ ಹಿಂದಿರುಗಿದ್ದರು. ಅವರ ಸ್ಥಾನಕ್ಕೆ ಬಂದ ಗೆರಿಟ್ ಗ್ರೀನ್ಸ್, ತೌಡಿನಂತೆಯೇ ಹೆಸರುಕಾಳೂ ಕೋಳಿಗಳನ್ನು ಕಾಪಾಡುತ್ತದೆಂದು ಕಂಡುಕೊಂಡರು. 1901ರಲ್ಲಿ ಅವರು ಹೇಳಿದ ಮಾತು ಸರಳವಾದುದು, ಆದರೆ ಅದುವರೆಗೆ ಯಾರೂ ಅಷ್ಟು ಸ್ಪಷ್ಟವಾಗಿ ಹೇಳದಿದ್ದುದು. ಬಿಳಿಯ ಅಕ್ಕಿಯಲ್ಲಿ ವಿಷವೇನೂ ಇಲ್ಲ. ನರಗಳಿಗೆ ಅವಶ್ಯವಾದ ಏನೋ ಒಂದು ಅದರಲ್ಲಿ ಇಲ್ಲ. ಪಾಸ್ಚರ್, ಕಾಖ್ ಮೊದಲಾದವರ ಮಹಾಶೋಧಗಳಿಂದ ಆ ತಲೆಮಾರಿನ ವೈದ್ಯರ ಕಣ್ಣಿಗೆ ಒಂದು ಅಭ್ಯಾಸ ಬಿದ್ದುಹೋಗಿದ್ದಿತು: ರೋಗವೆಂದರೆ ಮೈಯೊಳಕ್ಕೆ ಬಂದು ಸೇರಿದ ಏನೋ ಒಂದು. ಇಲ್ಲದಿರುವುದೂ ಕೊಲ್ಲಬಲ್ಲುದೆಂದು ಒಪ್ಪಿಕೊಳ್ಳುವುದಕ್ಕೆ ಅವರಿಗೆ ಬಹಳ ವರ್ಷ ಬೇಕಾಯಿತು. ಇರುವುದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಬಹುದು. ಇಲ್ಲದುದನ್ನು ತೋರಿಸುವುದು ಹೇಗೆ? ಊಟದ ಲೆಕ್ಕವೊಂದೇ ಅದನ್ನು ತೋರಿಸಬಲ್ಲುದಾಗಿದ್ದಿತು.

ಮಲಯದಲ್ಲಿ ನಡೆದುದು ನಮ್ಮ ನಾಡಿಗೂ ಸಂಬಂಧಪಟ್ಟ ಸಂಗತಿ. ಅಲ್ಲಿನ ಗಣಿಗಳಲ್ಲಿ ದುಡಿಯುತ್ತಿದ್ದ ಚೀನೀಯರು ಸಯಾಮಿನ ಬಿಳಿಯ ಅಕ್ಕಿಯನ್ನು ಉಂಡು ಸಾವಿರಗಟ್ಟಲೆ ಸಾಯುತ್ತಿದ್ದರು. ತೋಟಗಳಲ್ಲಿದ್ದ ತಮಿಳು ಕೂಲಿಗಳೂ ಅಕ್ಕಿಯನ್ನೇ ಉಣ್ಣುತ್ತಿದ್ದರು, ಅವರಿಗೆ ರೋಗವಿಲ್ಲ. ಅವರ ಅಕ್ಕಿ ಭತ್ತವನ್ನು ಬೇಯಿಸಿ ಒಣಗಿಸಿ ಆಮೇಲೆ ಕುಟ್ಟಿದುದು, ಎಂದರೆ ನಮ್ಮ ಕರಾವಳಿಯವರ ಕುಚ್ಚಲಕ್ಕಿ, ಮೈಸೂರಿನ ಕಡೆಯ ಕುಸುಬಲಕ್ಕಿ. ಬ್ರಾಡನ್ ಎಂಬ ವೈದ್ಯರು ಇದನ್ನು ಗಮನಿಸಿ ಬರೆದರು. ಕೌಲಾಲಂಪುರದ ಹುಚ್ಚರ ಆಸ್ಪತ್ರೆಯಲ್ಲಿದ್ದ ವಿಲಿಯಂ ಫ್ಲೆಚರ್‌ರವರಿಗೆ ಈ ಮಾತಿನಲ್ಲಿ ನಂಬಿಕೆಯಿರಲಿಲ್ಲ. ಅದನ್ನು ಸುಳ್ಳುಮಾಡಲೆಂದೇ 1905ರ ಕೊನೆಯಲ್ಲಿ ರೋಗಿಗಳನ್ನು ಎರಡು ಗುಂಪುಮಾಡಿದರು. ಬಿಳಿಯ ಅಕ್ಕಿ ಉಂಡ 120 ಮಂದಿಯಲ್ಲಿ ಮೂವತ್ತಕ್ಕೂ ಹೆಚ್ಚು ಜನಕ್ಕೆ ರೋಗ ತಗುಲಿತು, 18 ಮಂದಿ ಸತ್ತರು. ಕುಚ್ಚಲಕ್ಕಿ ಉಂಡ 123 ಮಂದಿಯಲ್ಲಿ ಹೊಸದಾಗಿ ಯಾರಿಗೂ ಬರಲಿಲ್ಲ. ಕಟ್ಟಡದ ದೋಷವಿರಬಹುದೆಂದು ನಡುವೆ ಎರಡು ಗುಂಪುಗಳ ವಾಸದ ಸ್ಥಳವನ್ನೇ ಅದಲುಬದಲು ಮಾಡಿಯೂ ನೋಡಿದರು. ರೋಗ ಅಕ್ಕಿಯ ಹಿಂದೆ ಹೋಯಿತೇ ಹೊರತು ಕಟ್ಟಡದ ಹಿಂದೆ ಹೋಗಲಿಲ್ಲ. ಆ ನಿಸ್ಸಹಾಯಕರ ಮೇಲೆ ಇಂತಹ ಪರೀಕ್ಷೆಯನ್ನು ಈ ಕಾಲದಲ್ಲಿ ಯಾರೂ ಮಾಡಗೊಡುವುದಿಲ್ಲ, ಮಾಡಲೂಬಾರದು. ಆ ಹದಿನೆಂಟು ಜನರ ಹೆಸರುಗಳು ವೈದ್ಯಗ್ರಂಥಗಳಲ್ಲಿ ಇಲ್ಲ. ತರುವಾಯ ಫ್ರೇಸರ್, ಸ್ಟಾಂಟನ್ ಎಂಬಿಬ್ಬರು ಕಾಡಿನಲ್ಲಿ ರಸ್ತೆ ಮಾಡುತ್ತಿದ್ದ 300 ಜಾವಾ ಕೂಲಿಗಳಲ್ಲಿ ಇದನ್ನೇ ಮತ್ತೊಮ್ಮೆ ಸ್ಥಾಪಿಸಿದರು. 1910ರಲ್ಲಿ ಮನಿಲಾದಲ್ಲಿ ಸೇರಿದ ಉಷ್ಣವಲಯದ ವೈದ್ಯರ ಸಮ್ಮೇಳನವು, ಬಿಳಿಯ ಅಕ್ಕಿಯನ್ನೇ ಎಡೆಬಿಡದೆ ಉಣ್ಣುವುದಕ್ಕೂ ಈ ರೋಗಕ್ಕೂ ಸಂಬಂಧವಿದೆಯೆಂದು ನಿರ್ಣಯ ಮಾಡಿತು.

ಮುಂದಿನದು ಬೇಗ ನಡೆಯಿತು. ಸುಜುಕಿ ಉಮೆತಾರೊ ಟೋಕಿಯೋದಲ್ಲಿ 1910ರ ಸುಮಾರಿಗೆ ತೌಡಿನಿಂದ ಸತ್ತ್ವವನ್ನು ಬೇರ್ಪಡಿಸಿದರು; 1912ರಲ್ಲಿ ಪೋಲೆಂಡಿನ ಕಾಸಿಮಿರ್ ಫಂಕ್ ಇಂತಹ ವಸ್ತುಗಳಿಗೆ ವಿಟಮಿನ್ ಎಂದು ಹೆಸರಿಟ್ಟರು. 1926ರಲ್ಲಿ ಅದು ಹರಳಿನ ರೂಪದಲ್ಲಿ ದೊರೆತುದು ಯಾನ್ಸೆನ್, ಡೊನಾಟ್ ಎಂಬುವರ ಕೈಗೆ, ಐಕ್‌ಮನ್ನರ ಕೋಳಿಗಳು ಬಿದ್ದೆದ್ದ ಆ ಬಟಾವಿಯದ ಪ್ರಯೋಗಶಾಲೆಯಲ್ಲಿಯೇ. 1936ರಲ್ಲಿ ಅಮೆರಿಕದ ರಾಬರ್ಟ್ ವಿಲಿಯಮ್ಸ್ ಅದನ್ನು ಕೃತಕವಾಗಿ ತಯಾರಿಸಿದರು. ಅದೇ ಥಯಾಮಿನ್, ಬಿ-ಒಂದು ಜೀವಸತ್ತ್ವ. 1929ರ ನೊಬೆಲ್ ಬಹುಮಾನದಲ್ಲಿ ಐಕ್‌ಮನ್ನರಿಗೆ ಅರ್ಧ ಪಾಲು ಸಂದಿತು. ಗ್ರೀನ್ಸರಿಗೆ ಏನೂ ಸಿಕ್ಕಲಿಲ್ಲ. ನನ್ನ ಮಟ್ಟಿಗೆ ಇದು ಅನ್ಯಾಯ.

ನಮ್ಮ ದೇಶದಲ್ಲಿ ಬೆರಿಬೆರಿ ಮುಖ್ಯವಾಗಿ ನೆಲೆಯೂರಿದ್ದುದು ತೆಲುಗು ಕರಾವಳಿಯ ಉತ್ತರ ಸರ್ಕಾರುಗಳಲ್ಲಿ. ಅಲ್ಲಿ ಜನರು ಗಿರಣಿಯ ಬೆಳ್ತಿಗೆ ಅಕ್ಕಿಯನ್ನು ಉಣ್ಣುತ್ತಿದ್ದರು. ಅನ್ನವೇ ಪ್ರಧಾನವಾಗಿದ್ದರೂ ಕುಚ್ಚಲಕ್ಕಿಯ ರೂಢಿಯಿದ್ದ ತಮಿಳು ನಾಡು, ಮಲಬಾರು, ಬಂಗಾಳ ಈ ಕಡೆಗಳಲ್ಲಿ ಅದು ವಿರಳ. ಕೂನೂರಿನ ಪ್ರಯೋಗಶಾಲೆಯಲ್ಲಿ ಮೆಕ್‌ಕ್ಯಾರಿಸನ್, ಅವರ ತರುವಾಯ ಅಕ್ರಾಯ್ಡ್, ಈ ವಿಷಯವನ್ನು ದೀರ್ಘವಾಗಿ ಪರಿಶೀಲಿಸಿದರು. ಭತ್ತವನ್ನು ನೆನೆಸಿ ಬೇಯಿಸುವಾಗ ಪೊರೆಯಲ್ಲಿರುವ ಜೀವಸತ್ತ್ವ ನೀರಿನಲ್ಲಿ ಕರಗಿ ಕಾಳಿನ ಒಳಕ್ಕೆ ಇಳಿಯುತ್ತದೆ; ಆಮೇಲೆ ಗಿರಣಿಯಲ್ಲಿ ಉಜ್ಜಿದರೂ ಅದರ ಒಳ್ಳೆಯ ಪಾಲು ಉಳಿದುಕೊಳ್ಳುತ್ತದೆ. ದಕ್ಷಿಣ ಕನ್ನಡದ ಮನೆಗಳಲ್ಲಿ ಹಂಡೆಯಿಟ್ಟು ಭತ್ತ ಬೇಯಿಸುತ್ತಿದ್ದವರಿಗೆ ಈ ಕಾರಣ ತಿಳಿದಿರಲಿಲ್ಲ. ಹೊಟ್ಟು ಸುಲಭವಾಗಿ ಬಿಡುತ್ತದೆ, ನುಚ್ಚು ಕಡಿಮೆಯಾಗುತ್ತದೆ, ಉಂಡರೆ ಬೇಗ ಹಸಿವಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿದ್ದಿತು, ಅಷ್ಟು ಸಾಕಾಗಿದ್ದಿತು. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಆಹಾರ ಸಂಶೋಧನಾಲಯದವರು ಈ ಹಳೆಯ ಕೆಲಸವನ್ನೇ ತಿದ್ದಿ, ಭತ್ತವನ್ನು ದಿನಗಟ್ಟಲೆ ತಣ್ಣೀರಿನಲ್ಲಿ ನೆನೆಹಾಕಿ ನಾತ ಬರಿಸುವುದರ ಬದಲು ಬಿಸಿನೀರಿನಲ್ಲಿ ಕೆಲವು ಗಂಟೆಗಳಲ್ಲಿ ನೆನೆಸುವ ಕ್ರಮವನ್ನು ಗಿರಣಿಗಳಿಗೆ ಕಲಿಸಿದರು. ಇನ್ನು ಹಳೆಯ ಮೈಸೂರಿನ ಬಯಲುಸೀಮೆಯನ್ನು ಕಾಪಾಡಿದುದು ರಾಗಿಯೆಂದು ನನ್ನ ಎಣಿಕೆ. ಕನಕದಾಸರ ರಾಮಧಾನ್ಯಚರಿತ್ರೆಯಲ್ಲಿ ಅಕ್ಕಿಗೂ ರಾಗಿಗೂ ಜಗಳವಾಗಿ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷಿಸಿ ರಾಗಿಯನ್ನು ಮೆಚ್ಚುತ್ತಾನೆ. ಫೋರ್ಡರ್‌ಮನ್ನರ ಸೆರೆಮನೆಗಳನ್ನು ಕುರಿತು ಓದುವಾಗ ಆ ಕಥೆ ನೆನಪಾಗದಿರುವುದಿಲ್ಲ.

ಇದನ್ನೆಲ್ಲ ಕೇಳಿ ಗಿರಣಿಯನ್ನು ಬಯ್ಯುವುದು ಸುಲಭ. ಆದರೆ ಒನಕೆಯ ಕಾಲವನ್ನು ಹೊಗಳುವವರಲ್ಲಿ ಬಹುಮಂದಿ ಒನಕೆ ಹಿಡಿದವರಲ್ಲ. ದಿನವೂ ಬೆಳಗಿನ ಜಾವಕ್ಕೆ ಎದ್ದು ಕುಟ್ಟುತ್ತಿದ್ದ ಹೆಂಗಸಿಗೆ ಗಿರಣಿಯಿಂದ ಬಿಡುವು ದೊರೆಯಿತು; ಆ ಬಿಡುವನ್ನು ಅವಳಿಂದ ಹಿಂದಕ್ಕೆ ಕೇಳುವ ಹಕ್ಕು ಯಾರಿಗೂ ಇಲ್ಲ. ಕೇಳಬೇಕಾದ ಅವಶ್ಯಕತೆಯೂ ಇಲ್ಲ. ರಬ್ಬರಿನ ಉರುಳೆಗಳುಳ್ಳ ಯಂತ್ರಗಳು ಹೊಟ್ಟನ್ನು ಮಾತ್ರ ಸುಲಿದು ಪೊರೆಯನ್ನು ಹಾಗೆಯೇ ಬಿಡಬಲ್ಲುವು. ಅಲ್ಲಿಗೇ ನಿಲ್ಲಿಸದೆ ಇನ್ನಷ್ಟು ಬಿಳುಪು ಬೇಕೆಂದು ಕೇಳುವುದು ಯಂತ್ರವಲ್ಲ, ಕೊಳ್ಳುವವನು. ಒಂದು ಯಂತ್ರದಿಂದ ಸತ್ತ್ವವನ್ನು ತೆಗೆದು ಇನ್ನೊಂದು ಯಂತ್ರದಿಂದ ಸೇರಿಸುವ ಕೆಲಸವೂ ನಡೆದಿದೆ. ಫಿಲಿಪೈನ್ಸಿನ ಬಟಾನ್ ಪ್ರಾಂತದಲ್ಲಿ 1940ರ ದಶಕದ ಕೊನೆಯಲ್ಲಿ ಹೀಗೆ ಜೀವಸತ್ತ್ವ ಬೆರೆಸಿದ ಅಕ್ಕಿಯನ್ನು ಹಂಚಿ ಬೆರಿಬೆರಿಯ ಸಾವನ್ನು ಇಳಿಸಿದರು. ಅದು ನಿಷ್ಪ್ರಯೋಜಕವೆಂದು ನಾನು ಹೇಳುವುದಿಲ್ಲ. ಸುತ್ತುಬಳಸಿನ ದಾರಿಯೆಂದು ಹೇಳುತ್ತೇನೆ.

ಬೆರಿಬೆರಿ ಈಗ ನಗರಗಳಲ್ಲಿ ಅಪರೂಪ. ಅನ್ನದ ಜೊತೆಗೆ ಬೇಳೆ, ತರಕಾರಿ, ಹಾಲು ಇರುವ ಮನೆಯಲ್ಲಿ ಅದರ ಭಯವಿಲ್ಲ. ಹಾಗಿದ್ದರೆ ತೌಡಿನ ಅಕ್ಕಿಯಿಂದ ಏನು ಪ್ರಯೋಜನ? ಚೆನ್ನಾಗಿ ಉಜ್ಜಿದ ಅಕ್ಕಿಯಲ್ಲಿ ಥಯಾಮಿನ್ ಐದರಲ್ಲಿ ನಾಲ್ಕು ಪಾಲಿನಷ್ಟು ಹೋಗಿರುತ್ತದೆ. ನಾರು, ಮೆಗ್ನೀಷಿಯಂ ಮೊದಲಾದುವೂ ಬಹಳ ಕಡಿಮೆಯಾಗಿರುತ್ತವೆ. ಪೊರೆಯಿರುವ ಅನ್ನ ನಿಧಾನವಾಗಿ ಜೀರ್ಣವಾಗುವುದರಿಂದ ರಕ್ತದಲ್ಲಿ ಸಕ್ಕರೆ ಅಷ್ಟು ಥಟ್ಟನೆ ಏರುವುದಿಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದವರು 2010ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ವಾರಕ್ಕೆ ಐದು ಸಲವೋ ಹೆಚ್ಚಾಗಿಯೋ ಬಿಳಿಯ ಅನ್ನ ಉಣ್ಣುವವರಿಗೆ, ಅದನ್ನು ತೀರ ಅಪರೂಪವಾಗಿ ಉಣ್ಣುವವರಿಗಿಂತ, ಮಧುಮೇಹದ ಸಂಭವ ನೂರಕ್ಕೆ 17ರಷ್ಟು ಹೆಚ್ಚೆಂದೂ, ವಾರಕ್ಕೆರಡು ಸಲವಾದರೂ ತೌಡಿರುವ ಅಕ್ಕಿಯನ್ನು ಉಣ್ಣುವವರಿಗೆ ನೂರಕ್ಕೆ 11ರಷ್ಟು ಕಡಿಮೆಯೆಂದೂ ಕಂಡಿತು. ಇಂತಹ ಲೆಕ್ಕದಿಂದ ಸಂಬಂಧ ತೋರುತ್ತದೆಯೇ ಹೊರತು ಕಾರಣ ಸಿದ್ಧವಾಗುವುದಿಲ್ಲ. ತೌಡಿನ ಅಕ್ಕಿ ಉಣ್ಣುವವರು ಬೇರೆ ವಿಷಯಗಳಲ್ಲಿಯೂ ಮೈಯ ಮೇಲೆ ಎಚ್ಚರವಿರುವವರಾಗಿರಬಹುದು. ಮಧುಮೇಹವನ್ನು ಅಕ್ಕಿಯೊಂದರಿಂದಲೇ ಗುಣಪಡಿಸುತ್ತೇವೆಂದು ಹೇಳುವವರನ್ನು ನಂಬಬೇಡಿ.

ಇನ್ನು ಅಡಿಗೆ. ಪೊರೆಯಿರುವ ಅಕ್ಕಿಯಲ್ಲಿ ನೀರು ಒಳಹೋಗಲು ಹೊತ್ತು ಬೇಕು. ಒಂದೆರಡು ಸಲ ಮಾತ್ರ ಮೃದುವಾಗಿ ತೊಳೆದು, ರಾತ್ರಿಯೋ ಅಥವಾ ಅಡಿಗೆಗೆ ನಾಲ್ಕೈದು ಗಂಟೆ ಮುಂಚೆಯೋ ನೆನೆಹಾಕಬೇಕು. ಒಂದು ಪಾವು ಅಕ್ಕಿಗೆ ಎರಡೂವರೆ ಪಾವು ನೀರು ಸರಿಹೋಗುತ್ತದೆ. ಮೆತ್ತಗೆ ಬೇಕೆನ್ನುವವರು ಮೂರು ಪಾವು ಹಾಕಬಹುದು. ಒಂದು ಕುದಿ ಬಂದಮೇಲೆ ಉರಿಯನ್ನು ಸಣ್ಣದು ಮಾಡಿ, ಮುಚ್ಚಿ, ಸುಮಾರು ಮುಕ್ಕಾಲು ಗಂಟೆ ಬೇಯಿಸಿ, ಇಳಿಸಿದಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯದೆ ಬಿಟ್ಟರೆ ಕಾಳು ಅರಳುತ್ತದೆ. ಬೇಗ ಬೇಯಲೆಂದು ಅಡಿಗೆ ಸೋಡಾ ಹಾಕುವುದು ಬೇಡ. ಸೋಡಾ ಬಿದ್ದರೆ ಥಯಾಮಿನ್ ಹಾಳಾಗುತ್ತದೆ. ಗಂಜಿಯನ್ನು ಬಸಿದು ಚೆಲ್ಲಿದರೂ ಅಷ್ಟೇ, ಕಷ್ಟಪಟ್ಟು ಉಳಿಸಿದ ಸತ್ತ್ವ ಗಂಜಿಯೊಡನೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಅಕ್ಕಿ ತೊಳೆದ ನೀರೂ ಬಸಿದ ಗಂಜಿಯೂ ಕಲಗಚ್ಚಿನ ಪಾತ್ರೆಗೆ ಸೇರಿ ಹಸುವಿನ ಪಾಲಾಗುತ್ತಿದ್ದುವು. ತೌಡೂ ಅದರ ಪಾಲೇ. ಕರಾವಳಿಯವರು ಕುಚ್ಚಲಕ್ಕಿಯ ಗಂಜಿಯನ್ನು ನೀರು ಸಹಿತ ಉಪ್ಪಿನಕಾಯಿಯೊಡನೆ ಉಣ್ಣುತ್ತಾರೆ. ಇದು ಎಲ್ಲಕ್ಕಿಂತ ಮೇಲಾದ ಕ್ರಮ. ಬಂಗಾಳದಂತೆ ಅಂತರ್ಜಲದಲ್ಲಿ ಪಾಷಾಣದ ಅಂಶವಿರುವ ಸೀಮೆಗಳ ಮಾತು ಮಾತ್ರ ಬೇರೆ. ಆ ವಿಷವೂ ಪೊರೆಯಲ್ಲಿಯೇ ಹೆಚ್ಚಾಗಿ ಸೇರುವುದರಿಂದ, ಅಲ್ಲಿನ ಅಕ್ಕಿಯನ್ನು ದೋಷವಿಲ್ಲದ ನೀರು ಧಾರಾಳವಾಗಿ ಹಾಕಿ ಬೇಯಿಸಿ ಬಸಿಯುವುದೇ ಲೇ‌ಸು.

ಹಲ್ಲಿಲ್ಲದ ವೃದ್ಧರಿಗೂ ಹೊಟ್ಟೆ ಸೂಕ್ಷ್ಮವಾದವರಿಗೂ ಒಮ್ಮೆಗೇ ಇದು ಹಿಡಿಸದು. ಮೊದಲು ವಾರಕ್ಕೆ ಎರಡು ದಿವಸ, ಇಲ್ಲವೆ ಬಿಳಿಯ ಅಕ್ಕಿಯ ಜೊತೆಗೆ ಕಾಲು ಪಾಲು ಬೆರೆಸಿ ಪ್ರಾರಂಭಿಸಬಹುದು. ಬೆರೆಸುವುದಾದರೆ ನೆನೆದ ತೌಡಿನ ಅಕ್ಕಿ ಅರ್ಧ ಬೆಂದಮೇಲೆ ಬಿಳಿಯದನ್ನು ಹಾಕಬೇಕು. ಕೊಳ್ಳುವಾಗಲೂ ಚೀಲಗಟ್ಟಲೆ ಕೊಳ್ಳಬೇಡಿ. ಪೊರೆಯಿರುವ ಅಕ್ಕಿಗೆ ಹುಳು ಬೇಗ ಬೀಳುತ್ತದೆ, ಸೆಕೆಯ ದಿನಗಳಲ್ಲಿ ತೌಡಿನ ಎಣ್ಣೆ ಕಮಟುತ್ತದೆ. ತಿಂಗಳಿಗೆ ಬೇಕಾಗುವಷ್ಟನ್ನು ಮಾತ್ರ ತಂದು, ತೇವ ತಾಗದ ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿಟ್ಟುಕೊಂಡು, ತೆಗೆಯುವಾಗ ಒಮ್ಮೆ ಮೂಸಿ ನೋಡುವುದು ಒಳ್ಳೆಯದು.